ಕಾಂಟ್ರ್ಯಾಕ್ಟ್ ಕೆಲಸ ಮತ್ತು ಎಫ್-1 ವೀಸಾ: ಕಂಪನಿ ಕೇಳದ ಕಾಗದವನ್ನು ವಲಸೆ ಇಲಾಖೆ ಕೇಳುತ್ತದೆ

2025ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುತ್ತಾ ತರಬೇತಿ ಪಡೆಯುವ ತಾತ್ಕಾಲಿಕ ಅನುಮತಿ) ಮೇಲಿದ್ದ ಹಲವು ವಿದೇಶಿ ವಿದ್ಯಾರ್ಥಿಗಳಿಗೆ ಸರ್ಕಾರದಿಂದ ಪತ್ರವೊಂದು ಬಂತು. ಒಪಿಟಿ ಶುರುವಾಗಿ 90 ದಿನ ಕಳೆದರೂ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆ) ದಾಖಲೆಯಲ್ಲಿ ಉದ್ಯೋಗದಾತರ ವಿವರ ಕಾಣುತ್ತಿಲ್ಲ, 15 ದಿನದೊಳಗೆ ಸರಿಪಡಿಸದಿದ್ದರೆ ದಾಖಲೆಯನ್ನೇ ರದ್ದು ಮಾಡಬಹುದು ಎಂಬುದು ಅದರ ಸಾರ. ಅದಕ್ಕೆ ಹಿಂದಿನ ತಿಂಗಳಷ್ಟೇ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಸರ್ಕಾರ ಏಕಾಏಕಿ ರದ್ದು ಮಾಡಿತ್ತು. ನ್ಯಾಯಾಲಯಗಳಲ್ಲಿ ಸಾಲು ಸಾಲು ಮೊಕದ್ದಮೆ ಬಿದ್ದ ಮೇಲೆ ಏಪ್ರಿಲ್ ಕೊನೆಯಲ್ಲಿ ಅವನ್ನು ಮರಳಿ ಊರ್ಜಿತಗೊಳಿಸಿತ್ತು. ಹಾಗಾಗಿ ಈ ಪತ್ರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಕೆಲಸವೇ ಸಿಗದವರಿಗೆ ಪತ್ರದ ಅರ್ಥ ಸ್ಪಷ್ಟವಾಗಿತ್ತು. ಇಂಥ ಸಂದರ್ಭದಲ್ಲಿ ಹೆಚ್ಚು ತಬ್ಬಿಬ್ಬಾಗುವವರು ಕೆಲಸ ಇದ್ದೂ ಅದಕ್ಕೊಂದು ಹೆಸರು ಹೇಳಲಾಗದವರು. ಒಂದು ಸ್ಟಾರ್ಟಪ್‌ಗೆ ತಿಂಗಳ ಮಟ್ಟಿಗೆ ಕೋಡ್ ಬರೆದುಕೊಟ್ಟವರು, ಮನೆಯಲ್ಲೇ ಕೂತು ಎಐ ಮಾದರಿಗಳ ಉತ್ತರಗಳಿಗೆ ಅಂಕ ಕೊಡುವ ಆನ್‌ಲೈನ್ ಕೆಲಸ ಹಿಡಿದವರು, ಸಂಬಳದ ಚೀಟಿಯ ಬದಲು ವರ್ಷದ ಕೊನೆಗೆ 1099 ನಮೂನೆ ಪಡೆಯುವವರು. ಇದು ಉದ್ಯೋಗವೇ? ಉದ್ಯೋಗವಾದರೆ ಇದಕ್ಕೆ ಅನುಮತಿ ಇದೆಯೇ? ಒಬ್ಬರು ಧಾರಾಳವಾಗಿ ಮಾಡಬಹುದು ಎನ್ನುತ್ತಾರೆ, ಇನ್ನೊಬ್ಬರು ಮಾಡಿದರೆ ವೀಸಾ ಹೋಯಿತೆಂದೇ ಲೆಕ್ಕ ಎನ್ನುತ್ತಾರೆ. ಸಂದರ್ಭಕ್ಕೆ ತಕ್ಕಂತೆ ಎರಡೂ ಮಾತು ನಿಜ. ಯಾವಾಗ ಯಾವುದು ನಿಜ ಎಂದು ತಿಳಿಯದಿರುವುದೇ ಅಪಾಯ.

ಅಮೆರಿಕದ ಓಪನ್ ಡೋರ್ಸ್ ವರದಿಯ ಪ್ರಕಾರ 2023-24ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ. ಅವರಲ್ಲಿ 97 ಸಾವಿರಕ್ಕೂ ಹೆಚ್ಚು ಮಂದಿ ಒಪಿಟಿ ಮೇಲಿದ್ದರು. ಕಾಯಂ ಕೆಲಸಗಳು ಕಡಿಮೆಯಾಗಿ ಕಾಂಟ್ರ್ಯಾಕ್ಟ್ ಕೆಲಸಗಳು ಸುಲಭವಾಗಿ ಸಿಗುವ ಹೊತ್ತಿನಲ್ಲಿ ಈ ಪ್ರಶ್ನೆ ಮುಟ್ಟುವುದು ಇವರನ್ನೇ.

ಎರಡು ಕಾನೂನು, ಎರಡು ಪ್ರಶ್ನೆ

ಗೊಂದಲದ ಬೇರು ಇರುವುದು 'ಕಾಂಟ್ರ್ಯಾಕ್ಟರ್' ಎಂಬ ವರ್ಗ ಯಾವ ಕಾನೂನಿಗೆ ಸೇರಿದ್ದು ಎಂಬಲ್ಲಿ. ಅದು ಮೂಲತಃ ತೆರಿಗೆ ಮತ್ತು ಕಾರ್ಮಿಕ ಕಾನೂನಿನ ವರ್ಗ. ಕಂಪನಿ ನಿಮ್ಮನ್ನು ನೌಕರರೆಂದು ಪರಿಗಣಿಸಿದರೆ ಸಂಬಳದಲ್ಲೇ ತೆರಿಗೆ ಹಿಡಿದು ಡಬ್ಲ್ಯು-2 ಎಂಬ ಸಂಬಳದ ತೆರಿಗೆ ನಮೂನೆ ಕೊಡುತ್ತದೆ. ಸ್ವತಂತ್ರ ಕಾಂಟ್ರ್ಯಾಕ್ಟರ್ ಎಂದರೆ ಒಪ್ಪಿದ ಹಣವನ್ನು ಪೂರ್ತಿ ಕೊಟ್ಟು, ಕೊಟ್ಟದ್ದನ್ನು 1099ರಲ್ಲಿ ತೆರಿಗೆ ಇಲಾಖೆಗೆ ತಿಳಿಸುತ್ತದೆ. ತೆರಿಗೆ ಇಲಾಖೆ ಕೇಳುವ ಮುಖ್ಯ ಪ್ರಶ್ನೆ, ಕೆಲಸ ಹೇಗೆ ನಡೆಯಬೇಕು ಎಂಬುದರ ಹಿಡಿತ ಯಾರ ಕೈಯಲ್ಲಿದೆ ಎಂಬುದು.

ವಲಸೆ ಕಾನೂನಿನ ಪ್ರಶ್ನೆ ಬೇರೆ. ಅಮೆರಿಕದ ನೆಲದಲ್ಲಿ ನಿಂತು ದುಡಿಯಲು ಈ ವ್ಯಕ್ತಿಗೆ ಅನುಮತಿ ಇದೆಯೇ, ಇದ್ದರೆ ಯಾವ ಬಗೆಯ ಕೆಲಸಕ್ಕೆ, ಯಾವ ದಿನದಿಂದ ಯಾವ ದಿನದವರೆಗೆ? ಹಣ ಯಾವ ನಮೂನೆಯಲ್ಲಿ ಬಂತು ಎಂಬುದು ಇಲ್ಲಿ ಎರಡನೆಯ ಮಾತು. ಮೊದಲ ಕಾನೂನಿನ ಉತ್ತರವನ್ನು ಎರಡನೆಯದಕ್ಕೂ ಉತ್ತರ ಎಂದುಕೊಂಡಲ್ಲಿ ವಿದ್ಯಾರ್ಥಿ ಎಡವುತ್ತಾನೆ.

ಎಡವುವುದು ಅವನೊಬ್ಬನ ತಪ್ಪೂ ಅಲ್ಲ. 1986ರ ವಲಸೆ ಸುಧಾರಣಾ ಕಾಯ್ದೆ ಬಂದಾಗಿನಿಂದ ಅಮೆರಿಕದ ಪ್ರತಿ ಉದ್ಯೋಗದಾತರೂ ಹೊಸ ನೌಕರರಿಂದ ಐ-9 ಎಂಬ ನಮೂನೆ ತುಂಬಿಸಿ, ಗುರುತು ಮತ್ತು ಕೆಲಸದ ಅನುಮತಿಯ ದಾಖಲೆಗಳನ್ನು ನೋಡಲೇಬೇಕು. ಸ್ವತಂತ್ರ ಕಾಂಟ್ರ್ಯಾಕ್ಟರ್‌ಗಳಿಗೆ ಮಾತ್ರ ಐ-9 ಬೇಡ. ಆದ್ದರಿಂದ ಆನ್‌ಲೈನ್ ಕೆಲಸ ಕೊಡುವ ವೇದಿಕೆಗಳು, ಡೆಲಿವರಿ ಆ್ಯಪ್‌ಗಳು, ಸಣ್ಣ ಸ್ಟಾರ್ಟಪ್‌ಗಳು ಕಾಂಟ್ರ್ಯಾಕ್ಟರ್ ಹೆಸರಲ್ಲಿ ಸೇರಿಸಿಕೊಳ್ಳುವಾಗ ಈ ತಪಾಸಣೆ ಮಾಡಬೇಕಿಲ್ಲ. ಹೆಸರು, ಬ್ಯಾಂಕ್ ಖಾತೆ, ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟರೆ ಕೆಲಸ ಶುರು. ಎಲ್ಲಿಯೂ ಯಾರೂ ತಡೆಯಲಿಲ್ಲ, ಹಾಗಾದರೆ ಇದು ಸರಿಯೇ ಇರಬೇಕು ಎಂದು ವಿದ್ಯಾರ್ಥಿಗೆ ಅನಿಸುವುದು ಸಹಜ.

ಆದರೆ ತಪಾಸಣೆಯ ಹೊಣೆ ಕಂಪನಿಗಿಲ್ಲ ಎಂದ ಮಾತ್ರಕ್ಕೆ ಅನುಮತಿಯ ಅಗತ್ಯ ವಿದ್ಯಾರ್ಥಿಗೆ ತಪ್ಪುವುದಿಲ್ಲ. ಕಂಪನಿಯ ವಿನಾಯಿತಿಯೂ ಪೂರ್ಣವಲ್ಲ. ಅನುಮತಿ ಇಲ್ಲದವರೆಂದು ಗೊತ್ತಿದ್ದೂ ಗುತ್ತಿಗೆಯ ಹೆಸರಲ್ಲಿ ದುಡಿಸಿಕೊಳ್ಳುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಸಾಕು ಎಂಬ ನಂಬಿಕೆಯೂ ವ್ಯಾಪಕವಾಗಿದೆ. ವಿದ್ಯಾರ್ಥಿಗಳಿಗೆ ಸಿಗುವ ಆ ಕಾರ್ಡನ್ನೇ ತೆಗೆದು ನೋಡಿದರೆ ಉತ್ತರ ಅದರ ಮೇಲೇ ಅಚ್ಚಾಗಿರುತ್ತದೆ: ಗೃಹಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಇದು ಕೆಲಸಕ್ಕೆ ಮಾನ್ಯ.

ಓದುತ್ತಿರುವಾಗ

ಓದು ನಡೆಯುತ್ತಿರುವಾಗ ಬಾಗಿಲು ಬಹಳ ಕಿರಿದು. ಕ್ಯಾಂಪಸ್ಸಿನೊಳಗೆ, ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ಣಾವಧಿ. ಕ್ಯಾಂಪಸ್ಸಿನ ಹೊರಗೆ ಕಾಲಿಟ್ಟರೆ ಪ್ರತಿಯೊಂದಕ್ಕೂ ಪ್ರತ್ಯೇಕ ಅನುಮತಿ ಬೇಕು. ಪಠ್ಯಕ್ರಮದ ಭಾಗವಾಗಿರುವ ಕೆಲಸವಾದರೆ ಸಿಪಿಟಿ ಎಂಬ ಅನುಮತಿ. ಅದನ್ನು ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ, ಅಂದರೆ ಡಿಎಸ್‌ಒ ಕೊಡುತ್ತಾರೆ, ಯಾವ ಕಂಪನಿ ಮತ್ತು ಯಾವ ದಿನಾಂಕಗಳು ಎಂಬುದು ವಿದ್ಯಾರ್ಥಿ ಸ್ಥಾನಮಾನದ ದಾಖಲೆಯಾದ ಐ-20ರ ಮೇಲೆ ದಾಖಲಾಗುತ್ತದೆ. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು. ಆರಂಭದಿಂದಲೇ ಪ್ರಾಯೋಗಿಕ ತರಬೇತಿ ಕಡ್ಡಾಯವಾಗಿರುವ ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ ವಿನಾಯಿತಿ. 12 ತಿಂಗಳು ಪೂರ್ಣಾವಧಿ ಸಿಪಿಟಿ ಬಳಸಿದರೆ ಅದೇ ಹಂತದ ಪದವಿಗೆ ಒಪಿಟಿ ಸಿಗದು.

ಇದರ ಅರ್ಥ, ಎರಡನೇ ಸೆಮಿಸ್ಟರಿನ ವಿದ್ಯಾರ್ಥಿ ಶನಿವಾರ ಸಂಜೆ ಎರಡು ಗಂಟೆ ಡೆಲಿವರಿ ಮಾಡಿದರೂ, ಹಾಸ್ಟೆಲ್ ಕೋಣೆಯಲ್ಲಿ ಕೂತು ಯಾರದ್ದೋ ವೆಬ್‌ಸೈಟ್ ಕಟ್ಟಿಕೊಟ್ಟು ಹಣ ಪಡೆದರೂ ಅದು ಅನುಮತಿಯಿಲ್ಲದ ಕೆಲಸವೇ. ಬೇರೆಯವರ ಹೆಸರಿನ ಖಾತೆಯಲ್ಲಿ ಡೆಲಿವರಿ ಮಾಡುವುದಂತೂ ಇನ್ನೂ ಕೆಟ್ಟದ್ದು. ಅದರಲ್ಲಿ ವಲಸೆ ನಿಯಮದ ಉಲ್ಲಂಘನೆಯ ಜೊತೆಗೆ ಗುರುತಿನ ವಂಚನೆಯೂ ಸೇರಿಕೊಳ್ಳುತ್ತದೆ.

ಷೇರು ಕೊಂಡು ಲಾಭ ಪಡೆಯುವುದು, ಊರಿನ ಮನೆಯ ಬಾಡಿಗೆ ಪಡೆಯುವುದು ದುಡಿಮೆಯಲ್ಲ, ಅದಕ್ಕೆ ಅಡ್ಡಿಯಿಲ್ಲ. ಭಾರತದ ಕಂಪನಿಗೆ ಅಮೆರಿಕದಲ್ಲಿ ಕೂತು ಕೆಲಸ ಮಾಡಿ, ಹಣವನ್ನು ಭಾರತದ ಖಾತೆಗೆ ಹಾಕಿಸಿಕೊಂಡರೆ? ಇದರ ಬಗ್ಗೆ ವಕೀಲರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ನಿಯಮದ ವ್ಯಾಖ್ಯೆ ನೋಡುವುದು ಹಣ ಎಲ್ಲಿ ಬಿತ್ತು ಎಂಬುದನ್ನಲ್ಲ, ಸೇವೆ ಅಮೆರಿಕದೊಳಗೆ ನಡೆಯಿತೇ ಎಂಬುದನ್ನು. ಖಾತೆ ಯಾವ ದೇಶದ್ದು ಎಂಬುದನ್ನು ನಂಬಿ ಮುಂದುವರಿಯುವುದು ಅಪಾಯದ ದಾರಿ.

ಒಪಿಟಿಯ ಮೊದಲ ವರ್ಷ

ಓದು ಮುಗಿದ ಮೇಲಿನ 12 ತಿಂಗಳ ಒಪಿಟಿಯಲ್ಲಿ ಚಿತ್ರ ಬದಲಾಗುತ್ತದೆ. ಇಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸ್ಪಷ್ಟ ಅವಕಾಶವಿದೆ. 2010ರಲ್ಲಿ ಸರ್ಕಾರದ ವಿದ್ಯಾರ್ಥಿ ಮತ್ತು ವಿನಿಮಯ ಸಂದರ್ಶಕರ ವಿಭಾಗ ಹೊರಡಿಸಿದ ಮಾರ್ಗಸೂಚಿ ಒಪಿಟಿಯಲ್ಲಿ ಯಾವ ಯಾವ ಬಗೆಯ ಕೆಲಸ ನಡೆಯುತ್ತದೆ ಎಂದು ಪಟ್ಟಿ ಮಾಡಿದೆ. ಅದರಲ್ಲಿ 1099 ಕೆಲಸ ಹೆಸರಿಟ್ಟೇ ಇದೆ. ಹಲವರ ಬಳಿ ಸಣ್ಣ ಸಣ್ಣ ಅವಧಿಯ ಕೆಲಸ, ಸ್ವಂತ ವ್ಯವಹಾರ, ಏಜೆನ್ಸಿಯ ಮೂಲಕ ಕೆಲಸ, ಕಾರ್ಮಿಕ ಕಾನೂನು ಮುರಿಯದ ಸಂಬಳರಹಿತ ಕೆಲಸ ಕೂಡ ಇವೆ.

ಷರತ್ತುಗಳು ಮಾತ್ರ ಗಟ್ಟಿ. ಇಎಡಿ ಎಂಬ ಕೆಲಸದ ಅನುಮತಿ ಕಾರ್ಡ್ ಕೈಗೆ ಬಂದು ಅದರ ಮೇಲಿನ ಆರಂಭದ ದಿನಾಂಕ ತಲುಪಿರಬೇಕು. ಕೆಲಸ ಓದಿದ ವಿಷಯಕ್ಕೆ ನೇರವಾಗಿ ಸಂಬಂಧಿಸಿರಬೇಕು. ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು. ಇಷ್ಟಿಲ್ಲದಿದ್ದರೆ ಆ ದಿನಗಳು ನಿರುದ್ಯೋಗದ ಲೆಕ್ಕಕ್ಕೆ ಹೋಗುತ್ತವೆ, ಅದರ ಒಟ್ಟು ಮಿತಿ 90 ದಿನ. ಕಂಪ್ಯೂಟರ್ ವಿಜ್ಞಾನ ಓದಿದವರು ಎಐ ಮಾದರಿಯ ಕೋಡ್ ಉತ್ತರಗಳನ್ನು ವಾರಕ್ಕೆ 25 ಗಂಟೆ ತಿದ್ದುತ್ತಿದ್ದರೆ ವಿಷಯದ ಸಂಬಂಧವನ್ನು ವಿವರಿಸಬಹುದು. ಅವರೇ ಡೆಲಿವರಿ ಮಾಡಿದರೆ ವಿವರಿಸಲಾಗದು. ಆನ್‌ಲೈನ್ ವೇದಿಕೆಗಳಲ್ಲಿ ಒಂದು ವಾರ 30 ಗಂಟೆ ಕೆಲಸ ಸಿಕ್ಕಿ ಮುಂದಿನ ಎರಡು ವಾರ ಏನೂ ಸಿಗದಿರುವುದು ಮಾಮೂಲು. ಖಾಲಿ ವಾರಗಳು ಸದ್ದಿಲ್ಲದೆ ಆ 90 ದಿನಗಳನ್ನು ತಿನ್ನುತ್ತಾ ಹೋಗುತ್ತವೆ.

ಅದೇ ಮಾರ್ಗಸೂಚಿ 1099 ಕೆಲಸದವರ ಬಳಿ ಏನಿರಬೇಕು ಎಂಬುದನ್ನೂ ಹೇಳುತ್ತದೆ: ಸರ್ಕಾರ ಕೇಳಿದರೆ ಕರಾರಿನ ಅವಧಿ, ಕೆಲಸ ಕೊಟ್ಟ ಕಂಪನಿಯ ಹೆಸರು ಮತ್ತು ವಿಳಾಸಕ್ಕೆ ಪುರಾವೆ ತೋರಿಸಬೇಕು. ಇದರಾಚೆಗೆ ಗಂಟೆಗಳ ದಾಖಲೆ, ಇನ್‌ವಾಯ್ಸ್, ಬ್ಯಾಂಕಿಗೆ ಹಣ ಬಂದ ವಿವರ, ಕೆಲಸಕ್ಕೂ ಪದವಿಗೂ ಇರುವ ನಂಟಿನ ಬಗ್ಗೆ ಒಂದು ಪುಟದ ಟಿಪ್ಪಣಿ ಇಟ್ಟುಕೊಂಡವರು ಮುಂದೆ ಎಚ್-1ಬಿ ಎಂಬ ಉದ್ಯೋಗ ವೀಸಾ ಅರ್ಜಿಯ ಹೊತ್ತಿಗೆ ಪ್ರಶ್ನೆ ಬಂದಾಗ ನಿರಾಳವಾಗಿ ಉತ್ತರಿಸುತ್ತಾರೆ. ಮೂರು ವರ್ಷದ ನಂತರ ಮುಚ್ಚಿಹೋದ ಸ್ಟಾರ್ಟಪ್‌ನಿಂದ ಪತ್ರ ತರುವುದು ಅಸಾಧ್ಯ.

ಮೇ ತಿಂಗಳ ಪತ್ರಕ್ಕೂ ಉತ್ತರ ಇಲ್ಲಿಯೇ ಇದೆ. ಕೆಲಸ ನಿಯಮದೊಳಗೇ ಇದ್ದರೂ ವಿದ್ಯಾರ್ಥಿ ಅದನ್ನು ಪೋರ್ಟಲ್‌ನಲ್ಲಿ ದಾಖಲಿಸದಿದ್ದರೆ ಸೆವಿಸ್ ಕಣ್ಣಿಗೆ ಅವನು ನಿರುದ್ಯೋಗಿ. ಕೆಲಸ ಶುರುವಾದರೆ, ಬದಲಾದರೆ, ನಿಂತರೆ 10 ದಿನದೊಳಗೆ ತಿಳಿಸಬೇಕು. ತಿಂಗಳ ಸಂಬಳವಿಲ್ಲ, ಒಬ್ಬರೇ ಬಾಸ್ ಇಲ್ಲ ಎಂಬ ಕಾರಣಕ್ಕೆ ಕಾಂಟ್ರ್ಯಾಕ್ಟ್ ಕೆಲಸದವರೇ ಇದನ್ನು ಮರೆಯುವುದು ಸುಲಭ.

ಸ್ಟೆಮ್ ಒಪಿಟಿಯಲ್ಲಿ ಏಕೆ ಸಾಧ್ಯವಿಲ್ಲ

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. 2008ರಲ್ಲಿ 17 ತಿಂಗಳಿದ್ದುದನ್ನು 2016ರ ನಿಯಮ 24ಕ್ಕೆ ಏರಿಸಿತು. ಏರಿಸುವಾಗಲೇ ಬಿಗಿ ಷರತ್ತುಗಳನ್ನೂ ಹಾಕಿತು. ನೌಕರರ ಕೆಲಸದ ಅನುಮತಿಯನ್ನು ತಾಳೆ ನೋಡುವ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ಕಂಪನಿ ನೋಂದಾಯಿಸಿರಬೇಕು. ಕಂಪನಿಯೂ ವಿದ್ಯಾರ್ಥಿಯೂ ಸೇರಿ ಐ-983 ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಇಬ್ಬರ ನಡುವೆ ನಿಜವಾದ ಮಾಲೀಕ-ನೌಕರ ಸಂಬಂಧ ಇರಬೇಕು.

ಐ-983 ಕೇಳುವ ಪ್ರಶ್ನೆಗಳನ್ನು ನೋಡಿದರೆ 1099 ಇಲ್ಲಿ ಏಕೆ ಕೂರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಮೇಲ್ವಿಚಾರಕರು ಯಾರು? ಏನು ಕಲಿಸುತ್ತೀರಿ, ಕಲಿತದ್ದನ್ನು ಹೇಗೆ ಅಳೆಯುತ್ತೀರಿ? ಇದೇ ಕೆಲಸ ಮಾಡುವ ಅಮೆರಿಕನ್ ನೌಕರರಿಗೆ ಸರಿಸಮನಾದ ಸಂಬಳ ಕೊಡುತ್ತೀರಾ? ಅಂದರೆ ಕೆಲಸ ಹೇಗೆ ನಡೆಯಬೇಕು ಎಂಬುದರ ಮೇಲೆ ತನಗೆ ಪೂರ್ಣ ಹಿಡಿತವಿದೆ ಎಂದು ಕಂಪನಿ ಸಹಿ ಹಾಕಿ ಹೇಳಬೇಕು. 1099 ಕೊಡುವ ಕಂಪನಿ ತೆರಿಗೆ ಇಲಾಖೆಗೆ ಹೇಳುವುದು ಇದರ ನೇರ ವಿರುದ್ಧ: ಈ ವ್ಯಕ್ತಿ ಸ್ವತಂತ್ರ, ಕೆಲಸದ ರೀತಿಯ ಮೇಲೆ ನಮ್ಮ ಹಿಡಿತವಿಲ್ಲ. ಒಂದೇ ಕಂಪನಿ ಒಬ್ಬನೇ ವಿದ್ಯಾರ್ಥಿಯ ಬಗ್ಗೆ ಎರಡೂ ಕಾಗದಕ್ಕೆ ಸಹಿ ಹಾಕಿದ್ದರೆ ಅವೆರಡರಲ್ಲಿ ಒಂದು ಸುಳ್ಳು. ತಪಾಸಣೆ ಬಂದ ದಿನ ಆ ಸುಳ್ಳಿನ ಭಾರ ಮೊದಲು ಬೀಳುವುದು ವಿದ್ಯಾರ್ಥಿಯ ಮೇಲೆ.

ಸ್ವಂತ ಕಂಪನಿ ಕಟ್ಟಿ ತನ್ನ ಐ-983ಕ್ಕೆ ತಾನೇ ಮಾಲೀಕನಾಗಿ ಸಹಿ ಹಾಕುವುದಕ್ಕೂ ಅವಕಾಶವಿಲ್ಲ. ಮೊದಲ ವರ್ಷ ಸ್ವಂತ ವ್ಯವಹಾರ ನಡೆಸಿದವರು ಎರಡನೇ ವರ್ಷಕ್ಕೆ ಕಾಲಿಡುವಾಗ ಸಿಕ್ಕಿಬೀಳುವುದು ಇಲ್ಲಿಯೇ. ಕಳೆದ ತಿಂಗಳವರೆಗೆ ಸರಿಯಿದ್ದ ಅದೇ ಕೆಲಸ, ಅದೇ ಕ್ಲೈಂಟ್, ಅದೇ ಇನ್‌ವಾಯ್ಸ್ ವಿಸ್ತರಣೆ ಶುರುವಾದ ದಿನದಿಂದ ನಿಯಮಬಾಹಿರ. ನಿಯಮದ ಈ ತಿರುವನ್ನು ವಿಶ್ವವಿದ್ಯಾಲಯಗಳು ಒಪಿಟಿ ಅರ್ಜಿಯ ಹಂತದಲ್ಲೇ ದೊಡ್ಡ ಅಕ್ಷರದಲ್ಲಿ ಹೇಳಬೇಕು.

ನಡುವೆ ನಿಂತ ಕನ್ಸಲ್ಟೆನ್ಸಿಗಳು

ಭಾರತೀಯ ವಿದ್ಯಾರ್ಥಿಗಳ ಪಾಲಿಗೆ ಕಾಂಟ್ರ್ಯಾಕ್ಟ್ ಕೆಲಸ ಎಂದರೆ ಹೆಚ್ಚಾಗಿ ಕನ್ಸಲ್ಟೆನ್ಸಿ. ಕನ್ಸಲ್ಟೆನ್ಸಿ ನೌಕರಿಗೆ ಸೇರಿಸಿಕೊಂಡು ಮೂರನೆಯ ಕಂಪನಿಯೊಂದರ ಪ್ರಾಜೆಕ್ಟಿಗೆ ಕಳಿಸುತ್ತದೆ. ಪ್ರಾಜೆಕ್ಟ್ ಇಲ್ಲದಾಗ ಬೆಂಚ್, ಅಂದರೆ ಕೆಲಸಕ್ಕಾಗಿ ಕಾಯುತ್ತಾ ಕೂರುವುದು. 2018ರ ಜನವರಿಯಲ್ಲಿ ವಲಸೆ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆ ಯುಎಸ್‌ಸಿಐಎಸ್ ತನ್ನ ಜಾಲತಾಣದ ಬರಹ ಬದಲಿಸಿ, ಕ್ಲೈಂಟ್ ಜಾಗದಲ್ಲಿ ಸ್ಟೆಮ್ ಒಪಿಟಿ ತರಬೇತಿ ಸಲ್ಲದು ಎಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಆ ನಿಲುವನ್ನು ಹಿಂದಕ್ಕೆ ಪಡೆಯಿತು. ಈಗಿನ ಅರ್ಥ: ಕ್ಲೈಂಟ್ ಜಾಗದಲ್ಲಿ ಕೆಲಸ ಮಾಡಬಹುದು, ಆದರೆ ಐ-983ಕ್ಕೆ ಸಹಿ ಹಾಕಿದ ಕಂಪನಿಯೇ ನಿಜಕ್ಕೂ ತರಬೇತಿ ಕೊಡುವ ಮಾಲೀಕನಾಗಿರಬೇಕು.

ಕಾಗದದ ಮೇಲಷ್ಟೇ ಬದುಕುವ ಕನ್ಸಲ್ಟೆನ್ಸಿಗಳ ಕಥೆ ಬೇರೆ. ಹಣ ಪಡೆದು ಉದ್ಯೋಗಪತ್ರ ಕೊಟ್ಟು, ನಿರುದ್ಯೋಗದ ದಿನಗಳ ಗಡಿಯಾರ ನಿಂತಿದೆ ಎಂದು ನಂಬಿಸುವ ಜಾಲಗಳ ಮೇಲೆ ಅಮೆರಿಕದಲ್ಲಿ ಕ್ರಿಮಿನಲ್ ಪ್ರಕರಣಗಳೇ ನಡೆದಿವೆ. 2019ರಲ್ಲಿ ಹೊರಬಿದ್ದ ಫಾರ್ಮಿಂಗ್ಟನ್ ಪ್ರಕರಣದಲ್ಲಿ ಗೃಹಭದ್ರತಾ ಇಲಾಖೆಯೇ ಮಿಶಿಗನ್‌ನಲ್ಲಿ ನಕಲಿ ವಿಶ್ವವಿದ್ಯಾಲಯ ನಡೆಸಿತ್ತು. ಅದಕ್ಕೆ ಸುಮಾರು 600 ಮಂದಿ ಸೇರಿದ್ದರು, ಬಹುಪಾಲು ಭಾರತೀಯರು. ತರಗತಿಯೇ ಇಲ್ಲದೆ ಸಿಪಿಟಿ ಸಿಗುತ್ತದೆ, ಕೆಲಸ ಮಾಡುತ್ತಾ ಇರಬಹುದು ಎಂಬುದೇ ಹಲವರಿಗೆ ಆಕರ್ಷಣೆಯಾಗಿತ್ತು. ಅವರಲ್ಲಿ ನಿಜಕ್ಕೂ ಮೋಸಹೋದವರೂ ಇದ್ದರು ಎಂಬುದು ನೋವಿನ ಸಂಗತಿ. ಆದರೆ ಬಂಧನ, ಗಡೀಪಾರಿನ ಕ್ರಮ ಎದುರಾದಾಗ ಆ ವ್ಯತ್ಯಾಸ ಅವರ ನೆರವಿಗೆ ಹೆಚ್ಚಾಗಿ ಬರಲಿಲ್ಲ.

ಡಬ್ಲ್ಯು-9 ಎಂಬ ಒಂದು ಪುಟ

ತೆರಿಗೆಯ ವಿಷಯದಲ್ಲಿ ಒಂದನ್ನು ಮಾತ್ರ ಎತ್ತಿ ಹೇಳಬೇಕು. ಕಾಂಟ್ರ್ಯಾಕ್ಟ್ ಕೆಲಸ ಶುರುವಾಗುವ ಮುನ್ನ ಕಂಪನಿ ಸಾಮಾನ್ಯವಾಗಿ ಕಳಿಸುವುದು ಡಬ್ಲ್ಯು-9. ಅದರ ಕೆಳಭಾಗದಲ್ಲಿ, ನಾನು ಅಮೆರಿಕದ ಪ್ರಜೆ ಅಥವಾ ತೆರಿಗೆ ಲೆಕ್ಕದಲ್ಲಿ ಅಮೆರಿಕದ ವ್ಯಕ್ತಿ ಎಂದು ಸುಳ್ಳು ಸಾಕ್ಷ್ಯದ ಶಿಕ್ಷೆಗೆ ಒಳಪಟ್ಟು ದೃಢೀಕರಿಸುವ ಸಾಲು ಇದೆ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳು. ಅವರಿಗೆ ಕೊಡುವ ಕಾಂಟ್ರ್ಯಾಕ್ಟ್ ಹಣಕ್ಕೆ ಬೇರೆಯೇ ನಮೂನೆಗಳಿವೆ, ಅದು 1042-ಎಸ್‌ನಲ್ಲಿ ದಾಖಲಾಗಬೇಕು, ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ವಿನಾಯಿತಿ ಇಲ್ಲದಿದ್ದರೆ 30 ಶೇಕಡಾ ಹಿಡಿಯಬೇಕು. ಬಹಳಷ್ಟು ವಿದ್ಯಾರ್ಥಿಗಳು ಓದದೆ ಡಬ್ಲ್ಯು-9ಕ್ಕೆ ಸಹಿ ಹಾಕುತ್ತಾರೆ. ಒಪಿಟಿಯಲ್ಲಿ ಕೆಲಸ ಪೂರ್ಣ ಕಾನೂನುಬದ್ಧವಾಗಿದ್ದಾಗಲೂ ಈ ತಪ್ಪು ಆಗುತ್ತದೆ.

ಅನುಮತಿಯಿಲ್ಲದೆ ದುಡಿದಿದ್ದರೂ ತೆರಿಗೆ ಕಟ್ಟಲೇಬೇಕು. ಕಟ್ಟಿದ ಮಾತ್ರಕ್ಕೆ ವಲಸೆ ನಿಯಮದ ಉಲ್ಲಂಘನೆ ಮಾಫಿಯಾಗುವುದಿಲ್ಲ.

ವಾದಗಳು ಎಲ್ಲಿ ಬೇರೆಯಾಗುತ್ತವೆ

ವಿದ್ಯಾರ್ಥಿಗಳ ಪರ ಒಂದು ಗಟ್ಟಿ ಕಾನೂನು ವಾದವಿದೆ. ಉದ್ಯೋಗಿ ಎಂಬುದರ ವ್ಯಾಖ್ಯೆಯಿಂದ ವಲಸೆ ನಿಯಮಗಳೇ ಸ್ವತಂತ್ರ ಕಾಂಟ್ರ್ಯಾಕ್ಟರ್‌ಗಳನ್ನು ಹೊರಗಿಟ್ಟಿವೆ. ಉದ್ಯೋಗಿಯೇ ಅಲ್ಲ ಎಂದ ಮೇಲೆ ಅನುಮತಿಯಿಲ್ಲದ ಉದ್ಯೋಗ ಎಲ್ಲಿಂದ ಬಂತು ಎಂಬುದು ಆ ವಾದ. ಅಕ್ಷರಶಃ ಓದಿದರೆ ಅದರಲ್ಲಿ ಹುರುಳಿದೆ. ಆದರೆ ಆ ವ್ಯಾಖ್ಯೆ ಬಂದದ್ದು ಕಂಪನಿಗಳ ಹೊಣೆಗಾರಿಕೆಯನ್ನು ನಿಗದಿಮಾಡುವ ಅಧ್ಯಾಯದಲ್ಲಿ. 1978ರಷ್ಟು ಹಿಂದೆಯೇ ವಲಸೆ ಮೇಲ್ಮನವಿ ಮಂಡಳಿ, ಗ್ರೀನ್ ಕಾರ್ಡ್ ಅರ್ಜಿಯ ಸಂದರ್ಭದಲ್ಲಿ ಸ್ವಂತ ಉದ್ಯೋಗವೂ ಅನುಮತಿಯಿಲ್ಲದ ಉದ್ಯೋಗವೇ ಎಂದು ಟಾಂಗ್ ಪ್ರಕರಣದಲ್ಲಿ ಹೇಳಿತ್ತು. ಈ ವಾದವನ್ನು ನ್ಯಾಯಾಲಯದಲ್ಲಿ ವಕೀಲರು ಮಂಡಿಸಬಹುದು. ವಿದ್ಯಾರ್ಥಿ ಅದನ್ನು ನಂಬಿ ಕೆಲಸ ಶುರು ಮಾಡುವುದು ಬೇರೆ ಮಾತು.

ಎದುರು ಬದಿಯಲ್ಲಿ ಒಪಿಟಿಯನ್ನೇ ತೆಗೆಯಬೇಕು ಎನ್ನುವವರಿದ್ದಾರೆ. ಅನಿವಾಸಿ ವಿದ್ಯಾರ್ಥಿಗಳಿಗೆ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯಿಲ್ಲ, ಹಾಗಾಗಿ ಕಂಪನಿಗೆ ತನ್ನ ಪಾಲಿನ 7.65 ಶೇಕಡಾ ಉಳಿಯುತ್ತದೆ, ಇದು ಅಮೆರಿಕನ್ ಪದವೀಧರರಿಗೆ ಅನ್ಯಾಯ ಎಂಬುದು ಅವರ ಮುಖ್ಯ ತಕರಾರು. ಸಂಸತ್ತು ಒಪ್ಪದ ಕಾರ್ಯಕ್ರಮ ಇದು ಎಂದು ತಂತ್ರಜ್ಞಾನ ಕಾರ್ಮಿಕರ ಸಂಘಟನೆ ವಾಷ್‌ಟೆಕ್ ಹೂಡಿದ್ದ ದಾವೆಯಲ್ಲಿ 2022ರ ಅಕ್ಟೋಬರಿನಲ್ಲಿ ಡಿ.ಸಿ. ಮೇಲ್ಮನವಿ ನ್ಯಾಯಾಲಯ ಒಪಿಟಿಯನ್ನು ಎತ್ತಿಹಿಡಿಯಿತು, ಮರುವರ್ಷ ಸುಪ್ರೀಂ ಕೋರ್ಟ್ ಮೇಲ್ಮನವಿ ಸ್ವೀಕರಿಸಲಿಲ್ಲ. ನ್ಯಾಯಾಲಯದ ದಾರಿ ಸದ್ಯಕ್ಕೆ ಮುಚ್ಚಿದ ಮೇಲೆ ಹೋರಾಟ ಆಡಳಿತದ ಅಂಗಳಕ್ಕೆ ಸರಿದಿದೆ.

ಒಂದು ಸಣ್ಣ ಕೆಲಸದ ಬೆಲೆ

ಅನುಮತಿಯಿಲ್ಲದ ಕೆಲಸ ಎಂದರೆ ಎಫ್-1 ಸ್ಥಾನಮಾನ ಕಳೆದುಕೊಂಡಂತೆ ಎಂದು ನಿಯಮ ನೇರವಾಗಿ ಹೇಳುತ್ತದೆ. ಬೇರೆ ಕಾರಣಗಳಿಗೆ ಸ್ಥಾನಮಾನ ಹೋದರೆ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ಅನುಮತಿಯಿಲ್ಲದೆ ದುಡಿದವರಿಗೆ ಆ ದಾರಿಯೂ ಇಲ್ಲ. ಕೋರ್ಸು ಕಡಿಮೆ ತೆಗೆದುಕೊಂಡ ತಪ್ಪಿಗೆ ಪರಿಹಾರವಿದ್ದು, ವಾರಾಂತ್ಯದ ಡೆಲಿವರಿಗೆ ಪರಿಹಾರವಿಲ್ಲದಿರುವುದು ಕಠಿಣ ನಿಯಮವೆಂದೇ ಹೇಳಬೇಕು.

ಪರಿಣಾಮ ತಕ್ಷಣ ಕಾಣುವುದಿಲ್ಲ, ಅದೇ ಇದರ ಕ್ರೌರ್ಯ. ಕೆಲವು ವರ್ಷಗಳ ನಂತರ ಎಚ್-1ಬಿ ಲಾಟರಿಯಲ್ಲಿ ಹೆಸರು ಬಂದು, ಅಮೆರಿಕದೊಳಗಿದ್ದೇ ಸ್ಥಾನಮಾನ ಬದಲಿಸಲು ಅರ್ಜಿ ಹಾಕಿದಾಗ, ಇಷ್ಟು ದಿನ ನಿಯಮ ಪಾಲಿಸಿದ್ದಕ್ಕೆ ಪುರಾವೆ ಕೊಡಿ ಎಂದು ಯುಎಸ್‌ಸಿಐಎಸ್ ಕೇಳಬಹುದು. ಹಳೆಯ 1099, ತೆರಿಗೆ ದಾಖಲೆಗಳು ಆಗ ಮೇಜಿನ ಮೇಲೆ ಬರುತ್ತವೆ. ಮೊದಲೆಲ್ಲ ಇಲ್ಲಿ ಎಡವಿದರೂ ಅರ್ಜಿ ಮಂಜೂರಾಗಿ ಸ್ಥಾನಮಾನ ಬದಲಾವಣೆ ಮಾತ್ರ ತಿರಸ್ಕೃತವಾಗಬಹುದಿತ್ತು. ಭಾರತಕ್ಕೆ ಹೋಗಿ ವೀಸಾ ಹಾಕಿಸಿಕೊಂಡು ಮರಳುವ ದಾರಿ ಉಳಿಯುತ್ತಿತ್ತು. 2025ರ ಸೆಪ್ಟೆಂಬರಿನ ಅಧ್ಯಕ್ಷರ ಘೋಷಣೆ ಈ ಲೆಕ್ಕವನ್ನೇ ಬದಲಿಸಿತು. ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಪಾವತಿ ವಿಧಿಸಿತು. ದೇಶದೊಳಗಿದ್ದು ಸ್ಥಾನಮಾನ ಬದಲಿಸಿಕೊಳ್ಳುವವರಿಗೆ ಇದು ಅನ್ವಯಿಸದು ಎಂದು ಅಕ್ಟೋಬರಿನಲ್ಲಿ ಯುಎಸ್‌ಸಿಐಎಸ್ ಸ್ಪಷ್ಟಪಡಿಸಿತು. ಆದರೆ ಸ್ಥಾನಮಾನ ಬದಲಿಸಲು ಅನರ್ಹರೆಂದು ಕಂಡುಬಂದರೆ ಅನ್ವಯಿಸುತ್ತದೆ ಎಂದೂ ಅದೇ ಮಾರ್ಗಸೂಚಿ ಹೇಳಿತು. ಎರಡನೇ ಸೆಮಿಸ್ಟರಿನಲ್ಲಿ ಕೆಲವು ನೂರು ಡಾಲರ್ ತಂದ ಕಾಂಟ್ರ್ಯಾಕ್ಟ್ ಕೆಲಸ, ಮುಂದೆ ಯಾವ ಕಂಪನಿಯೂ ಕಟ್ಟಲು ಹಿಂಜರಿಯುವ ಮೊತ್ತಕ್ಕೆ ಹೀಗೆ ದಾರಿಯಾಗುತ್ತದೆ.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ಹಂತದಲ್ಲಿ ಒಂದಿಷ್ಟು ಕ್ಷಮೆ ಇದೆ. ಕೊನೆಯ ಬಾರಿ ಕಾನೂನುಬದ್ಧವಾಗಿ ದೇಶ ಪ್ರವೇಶಿಸಿದ ಮೇಲೆ ಆದ ಉಲ್ಲಂಘನೆಗಳು ಒಟ್ಟು 180 ದಿನ ಮೀರದಿದ್ದರೆ ಕಾಯ್ದೆ ಅದನ್ನು ಬಿಟ್ಟುಕೊಡುತ್ತದೆ. ಆದರೆ ಭಾರತೀಯರ ಸರದಿ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ, ಅಷ್ಟು ದೂರ ತಲುಪುವ ಮುನ್ನವೇ ಎಚ್-1ಬಿ ಹಂತ ದಾಟಬೇಕು.

ಮುಂದೇನು ಬದಲಾಗಬಹುದು

ಯುಎಸ್‌ಸಿಐಎಸ್ ನಿರ್ದೇಶಕ ಜೋಸೆಫ್ ಎಡ್ಲೋ ನೇಮಕಕ್ಕೆ ಮುನ್ನ, 2025ರ ಮೇ ತಿಂಗಳ ಸೆನೆಟ್ ವಿಚಾರಣೆಯಲ್ಲಿ, ಓದು ಮುಗಿದ ಮೇಲೆ ಎಫ್-1 ವಿದ್ಯಾರ್ಥಿಗಳಿಗೆ ಕೆಲಸದ ಅನುಮತಿ ಕೊಡುವುದನ್ನೇ ತೆಗೆಯುವ ಇಂಗಿತ ವ್ಯಕ್ತಪಡಿಸಿದ್ದರು. ಗೃಹಭದ್ರತಾ ಇಲಾಖೆಯ ನಿಯಮ ತಿದ್ದುಪಡಿಯ ಪಟ್ಟಿಯಲ್ಲಿ ಪ್ರಾಯೋಗಿಕ ತರಬೇತಿಯೂ ಸೇರಿದೆ. ಅದೇ ವರ್ಷ ಆಗಸ್ಟಿನಲ್ಲಿ ಪ್ರಸ್ತಾಪಿಸಿದ ಇನ್ನೊಂದು ಕರಡು, ಎಫ್-1 ವಾಸ್ತವ್ಯಕ್ಕೆ ಗರಿಷ್ಠ 4 ವರ್ಷದ ಮಿತಿ ಹಾಕಿ, ಓದಿನ ನಂತರದ 60 ದಿನಗಳ ಬಿಡುವನ್ನು 30ಕ್ಕೆ ಇಳಿಸುವ ಮಾತಾಡಿತು. ಮಿತಿ ಬಂದರೆ ಹೆಚ್ಚಿನ ಸಮಯ ಬೇಕಾದವರು ನೇರವಾಗಿ ಸರ್ಕಾರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಈಗ ಡಿಎಸ್‌ಒ ಮೇಜಿನಲ್ಲಿ ಮುಗಿಯುವ ಎಷ್ಟೋ ವಿಷಯ ಆಗ ಅಧಿಕಾರಿಯೊಬ್ಬರ ಪರಿಶೀಲನೆಗೆ ಹೋಗುತ್ತದೆ. ಪರಿಶೀಲನೆಯ ಸಂದರ್ಭಗಳು ಹೆಚ್ಚಿದಷ್ಟೂ ಹಳೆಯ ಕಾಂಟ್ರ್ಯಾಕ್ಟ್ ಕೆಲಸಗಳು ಬೆಳಕಿಗೆ ಬರುವ ಸಾಧ್ಯತೆಯೂ ಹೆಚ್ಚು.

ಈಗಾಗಲೇ ಅನುಮತಿಯಿಲ್ಲದೆ ದುಡಿದವರು ಮೊದಲು ಮಾಡಬೇಕಾದದ್ದು ಆ ಕೆಲಸವನ್ನು ಇಂದೇ ನಿಲ್ಲಿಸುವುದು. ಎರಡನೆಯದು, ಡಿಎಸ್‌ಒ ಬಳಿ ಹೇಳಿಕೊಳ್ಳುವ ಮುನ್ನ ವಲಸೆ ವಕೀಲರನ್ನು ಕಾಣುವುದು. ಡಿಎಸ್‌ಒ ಎಷ್ಟೇ ಸಹಾನುಭೂತಿ ಇರುವವರಾದರೂ ತಿಳಿದ ಉಲ್ಲಂಘನೆಯನ್ನು ಸೆವಿಸ್‌ಗೆ ವರದಿ ಮಾಡುವ ಕರ್ತವ್ಯ ಅವರ ಮೇಲಿದೆ. ವಕೀಲರಿಗೆ ಹೇಳಿದ್ದು ಗೋಪ್ಯವಾಗಿ ಉಳಿಯುತ್ತದೆ. ದಾಖಲೆಗಳನ್ನು ಅಳಿಸುವುದು, ಮುಂದಿನ ಅರ್ಜಿಯಲ್ಲಿ ಕೆಲಸವನ್ನೇ ಮಾಡಿಲ್ಲ ಎಂದು ಬರೆಯುವುದು ಮಾತ್ರ ಬೇಡ. ಅನುಮತಿಯಿಲ್ಲದ ಕೆಲಸಕ್ಕಾದರೂ ಕಾಯ್ದೆಯಲ್ಲಿ ಆ 180 ದಿನಗಳ ಕ್ಷಮೆಯಿದೆ. ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಅಮೆರಿಕ ಪ್ರವೇಶಕ್ಕೆ ಬೀಳುವ ನಿರ್ಬಂಧ ಜೀವನಪರ್ಯಂತದ್ದು.